ಗುಲ್‌ಮೊಹರಿಗೆ ಬಡಿದ ಕಣ್ಣು

ನೇಸರಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ನೀಲಾಳ ಕಿವಿ, ಪಕ್ಕದಲ್ಲಿದ್ದ ಶಟ್ಟೆಪ್ಪ ಮತ್ತು ಅವನ ನೆರೆಮನೆಯ ಇಂದ್ರವ್ವನ ಮಾತಿಗೆ ಅಂಟಿಕೊಂಡಿತು.

“ನಿಮ್ಮ ಅಂಗಳದಾಗಿನ ಗುಲ್‌ಮೊಹರ್ ಹೆಂಗೈತ್ರಿ, ಶಟ್ಟೆಪ್ಪಣ್ಣ?” ಇಂದ್ರವ್ವ ಕೇಳಿದಳು.

“ಮೈತುಂಬ ಕೆಂಪ ಹೂವ ಬಿಟ್ಟೈತಿ ನೋಡವಾ.”

“ಶಿವರಾತ್ರ್ಯಾಗ ಎಲಿ ಉದುರಿ ಬೋಳ ಆದಾಗ, ನನ್ನ ಕಣ್ಣ ಬಡದೈತಿ ಅಂತ ಓಣಿತುಂಬ ಸಾರಿದ್ರಿ. ಟೊಂಗಿಗೆ ಹಳೇ ಚಪ್ಪಲಿ ಬ್ಯಾರೆ ಕಟ್ಟಿದ್ರಿ.”

“ವರ್ಷಾ ಎಲಿ ಉದುರಸೂ ಗಿಡ ಅಂತ ನನಗೇನ ಗೊತ್ತಿತ್ತವಾ?”

“ಆವಾಗಿಂದ ಅದ ಕಣ್ಣಿಲೆ ದಿನಾ ನೋಡಾಕ ಹತ್ತೇನ್ರಿ.”

“ಹೋಗಲಿ ಬಿಡವಾ.”

ಮುರಗೋಡದ ಬಸ್ ಬಂತು. ಇಂದ್ರವ್ವ ಚೀಲ ಎತ್ತಿಕೊಂಡು ಎದ್ದಳು.

“ಎಲಿ ಉದುರಿಸಿದ್ದು ನನ್ನ ಕಣ್ಣಾದ್ರ, ಹೂವ ಅರಳಿಸಿದ್ದೂ ನನ್ನ ಕಣ್ಣ. ಆ ಚಪ್ಪಲಿ ಬಿಚ್ಚಿ, ನನ್ನ ಮುಂದ ಒಂದ ಕಾಯಿ ಒಡೀರಿ!”

ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು. ಶಟ್ಟೆಪ್ಪ ಹಿಂದಿನ ಬಾಗಿಲು ಹುಡುಕಿಕೊಂಡ.