ಸ್ಟ್ಯಾನ್ಲಿ ಮನೆ ಬಾಗಿಲಲ್ಲಿ ಐರಿಸ್ ಆಡಿದ ಮಾತು

ಹೇವರ್ಬಿ ಊರಿನ ಬಂಧುಗಳೇ, ಕೌನ್ಸಿಲಿನ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕೂತಿರುವ ನಾರ್ಮನ್ ಅವರೇ, ಮಗಳು ಗಿಲಿಯನ್ — ಎಲ್ಲರಿಗೂ ನನ್ನ ನಮಸ್ಕಾರ.

ನಾನು ಡೆರೆಕ್ ಹೆಪ್‌ವರ್ತ್. ನನ್ನ ಪರಿಚಯ ಇಲ್ಲಿ ಯಾರಿಗೂ ಬೇಕಿಲ್ಲ, ಗೊತ್ತು. ನಾನು ಮೆಟ್ಟಿಲು ಹತ್ತಿ ಬರುವಾಗ ಎಡಗಡೆ ಕುರ್ಚಿಗಳು ಸರಿದ ಸದ್ದು ಕೇಳಿಸಿತು. ಇಬ್ಬರು ಎದ್ದು ಹೊರಗೆ ಹೋದರು. ಹೋಗಲಿ. ಅವರ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ.

ಇಂಥ ಸಭೆಯಲ್ಲಿ ತೀರಿಕೊಂಡವರನ್ನು 'ಅವರು' ಎನ್ನಬೇಕು. ನನ್ನ ಬಾಯಿಗೆ ಅದು ಹೊಂದುವುದಿಲ್ಲ. ಐರಿಸ್ ಓಲ್ಡ್‌ರಾಯ್ಡ್ ನನಗೆ ನಲವತ್ತು ವರ್ಷ 'ಅವಳು' ಆಗಿದ್ದಳು. ಹಾಗೇ ಕರೆಯುತ್ತೇನೆ — ಕ್ಷಮಿಸಿ.

ಮೊದಲ ಸಲ ಅವಳನ್ನು ನೋಡಿದ್ದು ಇದೇ ಭವನದಲ್ಲಿ. ಎಂಬತ್ನಾಲ್ಕರ ಕಲ್ಲಿದ್ದಲು ಗಣಿ ಮುಷ್ಕರ. ಗಣಿಗೆ ಇಳಿಯದೆ ಐದು ತಿಂಗಳಾಗಿತ್ತು. ಅಗೋ, ಆ ಕಿಟಕಿಯ ಪಕ್ಕ ಇಷ್ಟೆತ್ತರದ ಪಾತ್ರೆ ಇಟ್ಟುಕೊಂಡು ಸೂಪು ಬಡಿಸುತ್ತಿದ್ದಳು. ನಾನು ನಾಚಿಕೆಯಿಂದ ತಟ್ಟೆ ಚಾಚಿದೆ. "ತಲೆ ಎತ್ತೋ," ಅಂದಳು. "ಸೂಪು ನೆಲದ ಮೇಲಿಲ್ಲ."

ಮುಂದೆ ಗಣಿ ಮುಚ್ಚಿತು. ಅವಳು ಶಾಲೆಯ ಅಡುಗೆಮನೆ ಸೇರಿದಳು. ಈ ಸಭೆಯಲ್ಲಿರುವ ಅರ್ಧ ಜನರಿಗೆ ಮಧ್ಯಾಹ್ನದ ಊಟ ಬಡಿಸಿದ ಕೈ ಅವಳದು. ತೊಂಬತ್ತೆಂಟರಲ್ಲಿ ನಾವಿಬ್ಬರೂ ಲೇಬರ್ ಪಕ್ಷದಿಂದ ಕೌನ್ಸಿಲಿಗೆ ಆರಿಸಿ ಬಂದೆವು. ಒಂದೇ ವಾರ್ಡಿನ ಎರಡು ಸೀಟು. ಇಪ್ಪತ್ತೊಂದು ವರ್ಷ ಜೋಡಿಯಾಗಿ ಬಾಗಿಲು ತಟ್ಟಿದೆವು. ತಟ್ಟುವುದು ನಾನು, ಹೆಸರಿನ ಪಟ್ಟಿ ಹಿಡಿದು ಬರೆದುಕೊಳ್ಳುವುದು ಅವಳು. ನಾಯಿ ಇರುವ ಮನೆಗೆ ಮಾತ್ರ ಅವಳು ಮುಂದೆ — ನಾನು ಗೇಟಿನ ಹೊರಗೆ. ನಗಬಹುದು, ಪರವಾಗಿಲ್ಲ. ಅವಳು ಊರಿಗೆಲ್ಲ ಹೇಳಿ ನಗಿಸಿದ ಕಥೆಯೇ ಅದು.

ಆಮೇಲೆ ಎರಡು ಸಾವಿರದ ಹದಿನಾರು ಬಂತು.

ಯುರೋಪ್ ಒಕ್ಕೂಟದಲ್ಲಿ ಇರಬೇಕೋ, ಬಿಡಬೇಕೋ ಎಂದು ನಮ್ಮನ್ನು ಕೇಳಿದರು. ನಾನು ಬಿಡಬೇಕು ಎಂದೆ. ಗಣಿ ಮುಚ್ಚುವಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಗಣಿಯ ಜಾಗದಲ್ಲಿ ಗೋದಾಮು ಕಟ್ಟುವಾಗಲೂ ಕೇಳಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಕೇಳಿದರು — ನಾನು ಉತ್ತರ ಕೊಟ್ಟೆ. ಐರಿಸ್ ಇರಬೇಕು ಎಂದಳು. "ಕಾರಿನ ಸೀಟು ಹೊಲಿಯೋ ಫ್ಯಾಕ್ಟರೀಲಿ ಮುನ್ನೂರು ಜನ ಇದಾರೆ ಡೆರೆಕ್. ಆ ಸೀಟೆಲ್ಲ ಹೋಗೋದು ಯುರೋಪಿಗೆ. ನಾಳೆ ಅದು ನಿಂತ್ರೆ ಹೊಡೆತ ಬೀಳೋದು ಲಂಡನ್ನಿಗಲ್ಲ, ನಮ್ಮ ಸ್ಟೇಷನ್ ರಸ್ತೆಗೆ." ಅವಳ ಗಂಡ ನಾರ್ಮನ್ ಬಿಡುವ ಕಡೆ ಹಾಕಿದ. "ನಮ್ಮನೇಲಿ ಫಲಿತಾಂಶ ಸಮ," ಎಂದು ಅವಳೇ ಹೇಳಿಕೊಂಡು ತಿರುಗುತ್ತಿದ್ದಳು. ಊರಿನ ಫಲಿತಾಂಶ ಸಮ ಇರಲಿಲ್ಲ. ನೂರಕ್ಕೆ ಅರವತ್ತೆಂಟು ಜನ ಬಿಡುವ ಕಡೆ.

ಮೂರು ವರ್ಷ ಎಳೆದಾಡಿದರು. ಬಿಡುವುದೂ ಇಲ್ಲ, ಇರುವುದೂ ಇಲ್ಲ. ನಮ್ಮ ಪಕ್ಷ ಮತ್ತೊಮ್ಮೆ ಜನರ ಮತ ಕೇಳೋಣ ಎಂದಿತು. ಆ ದಿನ ನನ್ನೊಳಗೆ ಏನೋ ಕಿತ್ತುಹೋಯಿತು. ಹತ್ತೊಂಬತ್ತರ ಅಕ್ಟೋಬರಿನಲ್ಲಿ ಸದಸ್ಯತ್ವದ ಚೀಟಿ ವಾಪಸು ಕೊಟ್ಟೆ. ನವೆಂಬರಿನಲ್ಲಿ, ನನ್ನ ಅಪ್ಪ ಕೇಳಿದ್ದರೆ ಗೋರಿಯಿಂದ ಎದ್ದು ಬರುತ್ತಿದ್ದಂಥ ಕೆಲಸ ಮಾಡಿದೆ — ಪಾರ್ಲಿಮೆಂಟ್ ಚುನಾವಣೆಯಲ್ಲಿ, ಗಣಿ ಮುಚ್ಚಿಸಿದ ಟೋರಿ ಪಕ್ಷದ ಅಭ್ಯರ್ಥಿಯ ಪರ ಪ್ರಚಾರಕ್ಕೆ ಇಳಿದೆ. ಅದಕ್ಕೆ ನಾನು ಇವತ್ತೂ ಕ್ಷಮೆ ಕೇಳುವುದಿಲ್ಲ. ಮತ ನನ್ನದು, ಮನಸ್ಸು ನನ್ನದು. ಈ ಊರಿನಲ್ಲಿ ಸಾವಿರಾರು ಜನ ಹಾಗೇ ಮಾಡಿದಿರಿ. ಎಷ್ಟು ಕಷ್ಟಪಟ್ಟು ಮಾಡಿದಿರಿ ಎನ್ನುವುದೂ ನನಗೆ ಗೊತ್ತು.

ಕ್ಷಮೆ ಕೇಳಬೇಕಾದದ್ದು ಬೇರೆ ಇದೆ. ಅದಕ್ಕೇ ಇಲ್ಲಿ ನಿಂತಿದ್ದೇನೆ.

ಆ ನವೆಂಬರಿನ ಕೊನೆಯ ವಾರ ನಿಮ್ಮ ಮೊಬೈಲುಗಳಿಗೆ ಒಂದು ಸುದ್ದಿ ಬಂತು. ನೆನಪಿದೆಯಲ್ಲವೇ? ಹಿಂದೆಯೇ ಮನೆಮನೆಗೆ ಕರಪತ್ರ ಬಿತ್ತು — ಅಡಿಯಲ್ಲಿ ಯಾರ ಹೆಸರೂ ಇಲ್ಲ. "ಲೇಬರ್ ಪಕ್ಷದ ಐರಿಸ್ ಓಲ್ಡ್‌ರಾಯ್ಡ್ ಈ ಊರಿನ ಜನರನ್ನು ದಡ್ಡರು ಎಂದಿದ್ದಾಳೆ. ಸತ್ತುಹೋದ ಸ್ಟ್ಯಾನ್ಲಿ ಬರ್ಕಿನ್ ಮನೆ ಬಾಗಿಲಲ್ಲಿ, ಅವರ ಮುಖಕ್ಕೇ." ಯಾರು ಬರೆದರೋ ನನಗೆ ಗೊತ್ತಿಲ್ಲ. ನಾನಲ್ಲ.

ಅದಾದ ಎರಡನೇ ದಿನ ಬೆಳಿಗ್ಗೆ ಮಾರುಕಟ್ಟೆ ಬೀದಿಯ ಬೇಕರಿ. ಸಾಲು ಬಾಗಿಲ ತನಕ ಇತ್ತು. ಐರಿಸ್ ಮುಂದೆ, ಅವಳ ಹಿಂದೆ ಇಬ್ಬರು, ಆಮೇಲೆ ನಾನು. ಅವಳು ಬ್ರೆಡ್ಡು ಕೇಳಿದಳು. ಅಂಗಡಿಯಾಕೆ ಕೈ ಕಟ್ಟಿಕೊಂಡು ನಿಂತಳು.

"ನಾವು ದಡ್ಡರು ಕಣಮ್ಮ. ಚಿಲ್ಲರೆ ಎಣಿಸೋಕೂ ಬರಲ್ಲ. ಬುದ್ಧಿವಂತರ ಅಂಗಡಿ ಎಲ್ಲಾದ್ರೂ ಇದ್ರೆ ಅಲ್ಲಿಗೆ ಹೋಗಿ."

ಯಾರೋ ಕಿಸಕ್ಕನೆ ನಕ್ಕರು. ಐರಿಸ್ ಚೀಲ ಮಡಚಿಕೊಂಡಳು. ತಿರುಗಿದಳು. ನನ್ನ ಮುಖ ನೋಡಿದಳು — ಇಷ್ಟು ಹತ್ತಿರದಿಂದ. ನಾನು ಗಾಜಿನ ಕಪಾಟು ನೋಡಿದೆ. ಅವಳು ಹೊರಗೆ ಹೋದಳು. ನನ್ನ ಸರದಿ ಬಂತು. "ಎರಡು ಪೋರ್ಕ್ ಪೈ ಕೊಡಿ," ಎಂದೆ.

ಬಂಧುಗಳೇ — ಸ್ಟ್ಯಾನ್ಲಿ ಮನೆ ಬಾಗಿಲಲ್ಲಿ ಆ ದಿನ ಮೂರು ಜನ ಇದ್ದೆವು. ಸ್ಟ್ಯಾನ್ಲಿ, ಐರಿಸ್ — ಮೂರನೆಯವನು ನಾನು.

ಅದು ಸೆಪ್ಟೆಂಬರು. ನಾನಿನ್ನೂ ಪಕ್ಷ ಬಿಟ್ಟಿರಲಿಲ್ಲ. ನಾವಿಬ್ಬರೂ ಜೊತೆಯಾಗಿ ತಟ್ಟಿದ ಕೊನೆಯ ಬಾಗಿಲುಗಳಲ್ಲಿ ಅದೂ ಒಂದು. ಸ್ಟ್ಯಾನ್ಲಿಗೆ ಎಂಬತ್ತಾರು. ಕಿವಿ ಮಂದ. ಸಿಟ್ಟು ಮಾತ್ರ ಮಂದ ಆಗಿರಲಿಲ್ಲ.

"ಮತ್ತೊಂದ್ಸಲ ವೋಟು ಹಾಕಿಸ್ತೀರಂತೆ? ಫೇಲಾದ ಹುಡುಗರಿಗೆ ಪರೀಕ್ಷೆ ಮತ್ತೆ ಬರೆಸ್ತಾರಲ್ಲ, ಹಂಗಾ? ನಾವು ದಡ್ಡರು ಅಂತ ತಾನೇ ನಿನ್ನ ಲೆಕ್ಕ?"

ಐರಿಸ್ ಅವನ ಕಿವಿಯ ಹತ್ತಿರ ಬಗ್ಗಿ ಕೂಗಿದಳು. ಕಿವಿ ಕೇಳದವರ ಹತ್ತಿರ ಕೂಗಲೇಬೇಕಲ್ಲ. ಎದುರು ಮನೆಯ ತನಕ ಕೇಳಿಸಿರಬೇಕು — ಅರ್ಧಂಬರ್ಧ. ಅವಳು ಕೂಗಿದ್ದು ಇದು. ಒಂದು ಅಕ್ಷರ ಕೂಡಿಸದೆ, ಬಿಡದೆ ಹೇಳುತ್ತೇನೆ.

"ದಡ್ಡರು ನೀವಲ್ಲ ಸ್ಟ್ಯಾನ್ಲಿ! ಈ ಊರಿನೋರನ್ನ ದಡ್ಡರು ಅಂದ್ಕೊಂಡೋರು ಲಂಡನ್ನಲ್ಲಿ ಕೂತಿದಾರೆ. ನಮ್ಮ ಪಕ್ಷದಲ್ಲೂ ಕೂತಿದಾರೆ. ನಾನು ನಿಮ್ಮ ಥರ ವೋಟು ಹಾಕ್ಲಿಲ್ಲ, ನಿಜ. ಆದ್ರೆ ನೀವು ಹಾಕಿದ ವೋಟನ್ನ ಯಾರಾದ್ರೂ ಕಸಕ್ಕೆ ಎಸೆಯೋಕೆ ಬಂದ್ರೆ ಮೊದ್ಲು ಅಡ್ಡ ನಿಲ್ಲೋಳು ನಾನು."

ಇಷ್ಟೇ. ಸ್ಟ್ಯಾನ್ಲಿ ಏನಂದ ಗೊತ್ತೇ? "ಹಂಗಾದ್ರೆ ಒಳಗೆ ಬಾ, ಟೀ ಕುಡಿ. ಅವನಿಗೂ ಕೊಡ್ತೀನಿ," ಎಂದು ಗದ್ದದಲ್ಲೇ ನನ್ನನ್ನು ತೋರಿಸಿದ. ಕುಡಿದು ಬಂದೆವು. ಅಕ್ಟೋಬರಿನಲ್ಲಿ ಅವನು ತೀರಿಕೊಂಡ. ಉಳಿದ ಸಾಕ್ಷಿ ನಾನೊಬ್ಬನೇ.

— ಏನಂದಿರಿ, ಹಿಂದಿನ ಸಾಲಿನವರು? ಜೋರಾಗಿ ಹೇಳಿ. — "ಇಷ್ಟು ವರ್ಷ ಬಾಯಿ ಎಲ್ಲಿಟ್ಟಿದ್ದೆ?" — ಹೌದು. ಆ ಪ್ರಶ್ನೆಯನ್ನು ಅವಳೂ ಕೇಳಿದಳು. ಇದಕ್ಕಿಂತ ಮೆತ್ತಗೆ.

ಮತದಾನಕ್ಕೆ ಇನ್ನು ಹನ್ನೊಂದು ದಿನ. ಭಾನುವಾರ ಮಧ್ಯಾಹ್ನ. ಹಿಮವೂ ಅಲ್ಲದ ಮಳೆಯೂ ಅಲ್ಲದ ಒಂದು ಕೊಳಕು ಬೀಳುತ್ತಿತ್ತು. ನನ್ನ ಮನೆಯ ಬಾಗಿಲು ತಟ್ಟಿದ ಸದ್ದು. ತೆರೆದರೆ ಐರಿಸ್. ಎದೆಯ ಮೇಲೆ ಪಕ್ಷದ ಕೆಂಪು ಬಿಲ್ಲೆ, ಕೈಯಲ್ಲಿ ಪಟ್ಟಿ. ನನ್ನ ಮನೆ ಬಿಟ್ಟು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ.

"ಲೇಬರ್ ಪಕ್ಷದ ಪರವಾಗಿ ಬಂದಿದೀನಿ. ಈ ಚುನಾವಣೇಲಿ ನಿಮ್ಮ ವೋಟು ಯಾರಿಗೆ ಅಂತ ಕೇಳಬಹುದಾ?"

"ನಾಟಕ ಬೇಡ ಐರಿಸ್. ನಿನಗೆ ಗೊತ್ತು."

"ನನಗೆ ಗೊತ್ತಿರೋದನ್ನ ಬರೆಯಂಗಿಲ್ಲ. ಜನ ಹೇಳಿದ್ದನ್ನ ಬರೀಬೇಕು. ನೀನೇ ಕಲಿಸಿದ್ದು."

"ಈ ಸಲ ನಿಮಗಿಲ್ಲ."

ಬರೆದುಕೊಂಡಳು. ಒದ್ದೆ ಕಾಗದದ ಮೇಲೆ ಪೆನ್ನು ಓಡಲಿಲ್ಲ, ಎರಡು ಸಲ ತಿದ್ದಿದಳು. ಆಮೇಲೆ ತಲೆ ಎತ್ತಿದಳು.

"ಇನ್ನೊಂದು ಪ್ರಶ್ನೆ. ಇದು ಪಟ್ಟೀಲಿ ಇಲ್ಲ. ಸ್ಟ್ಯಾನ್ಲಿ ಮನೇಲಿ ನಾನು ಏನಂದೆ, ನೆನಪಿದೆಯಾ?"

"ಇದೆ."

"ಪೂರ್ತಿ?"

"ಪೂರ್ತಿ."

"ಹಾಗಾದ್ರೆ ಊರಿನೋರಿಗೆ ಹೇಳು."

ನಾನೊಂದು ಮಾತು ಅಂದೆ. "ನೀನೇ ಹೇಳ್ಬಹುದಲ್ಲ, ನಿನಗೂ ಬಾಯಿದೆ," ಎಂದೆ.

"ನಾನು ಹೇಳಿದ್ರೆ ಪೂರ್ತಿ ಹೇಳ್ಬೇಕಾಗುತ್ತೆ ಡೆರೆಕ್. 'ಜನರನ್ನ ದಡ್ಡರು ಅನ್ನೋರು ಲೇಬರ್ ಪಕ್ಷದಲ್ಲೇ ಇದಾರೆ, ಐರಿಸೇ ಒಪ್ಪಿಕೊಂಡ್ಳು' — ನಾಳೆ ಪೇಪರಿನಲ್ಲಿ ಇಷ್ಟು ದೊಡ್ಡಕ್ಷರದಲ್ಲಿ ಬರುತ್ತೆ. ನನ್ನ ಮಾನ ಉಳಿಸ್ಕೊಳ್ಳೋಕೆ ನಮ್ಮ ಅಭ್ಯರ್ಥೀನ ಮುಳುಗಿಸ್ಲಾ? ನೀನು ಹೇಳಿದ್ರೆ ಒಂದೇ ಸಾಲು ಸಾಕು. 'ಅವಳು ಹಾಗನ್ನಲಿಲ್ಲ, ನಾನು ಅಲ್ಲೇ ಇದ್ದೆ.' ಅಷ್ಟೇ. ನೀನು ಆ ಕಡೆಯೋನು. ನಿನ್ನನ್ನ ನಂಬ್ತಾರೆ."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಒಳಗಿನಿಂದ ನನ್ನ ಹೆಂಡತಿ ಬೆರಿಲ್ ಕೂಗಿದಳು — "ಅವಳನ್ನ ಒಳಗೆ ಕರೀರಿ, ನೆನೀತಿದಾಳೆ!" ನಾನು ಕರೆಯಲಿಲ್ಲ.

"ಚುನಾವಣೆ ಮುಗೀಲಿ ಐರಿಸ್," ಎಂದೆ. "ಆಮೇಲೆ ಹೇಳ್ತೀನಿ."

ಅವಳು ಜಗಳಕ್ಕೆ ಬರಲಿಲ್ಲ. "ಆಗಲಿ," ಎಂದಳು. ಗೇಟು ಹಾಕಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಆ ಮನೆಯಲ್ಲಿ ನಾಯಿ ಇತ್ತು.

ಮತದಾನದ ದಿನ ಬೆಳಿಗ್ಗೆ ಐರಿಸ್ ಮನೆ ಬಾಗಿಲಿನ ಮೇಲೆ ಬಿಳಿ ಬಣ್ಣದಲ್ಲಿ 'ಬುದ್ಧಿವಂತೆ' ಎಂದು ಬರೆದಿತ್ತು. ನಾರ್ಮನ್ — ನೀನು ತಂತಿ ಬ್ರಷ್ಷು ಹಿಡಿದು ಉಜ್ಜುತ್ತಿದ್ದೆ. ನಾನು ಮತಗಟ್ಟೆಗೆ ಹೋಗುವ ದಾರಿಯಲ್ಲಿ ನೋಡಿದೆ. ರಸ್ತೆಯ ಆಚೆ ಬದಿಗೆ ದಾಟಿಕೊಂಡು ನಡೆದೆ. ನೀನು ನನ್ನನ್ನು ನೋಡಿದೆ. ಅವತ್ತಿನಿಂದ ನೀನು ನನ್ನ ಜೊತೆ ಒಂದು ಮಾತೂ ಆಡಿಲ್ಲ.

ಲೇಬರ್ ಸೋತಿತು. ನನ್ನ ಅಜ್ಜನ ಕಾಲದಿಂದ ಸೋಲದ ಕ್ಷೇತ್ರ, ಸಾವಿರದ ಚಿಲ್ಲರೆ ಮತದಲ್ಲಿ ಹೋಯಿತು. ಆ ಸುಳ್ಳಿನಿಂದಲೇ ಹೋಯಿತು ಎಂದು ನಾನು ಹೇಳುವುದಿಲ್ಲ. ಈ ಊರಿಗೆ ಬೇರೆ ಸಿಟ್ಟುಗಳಿದ್ದವು, ನ್ಯಾಯವಾದ ಸಿಟ್ಟುಗಳು. ಆದರೆ ಇಪ್ಪತ್ತೊಂದರ ಮೇ ತಿಂಗಳಲ್ಲಿ ನಮ್ಮ ವಾರ್ಡಿನ ಒಂದು ಸೀಟಿಗೆ ಚುನಾವಣೆ ಬಂತು. ಒಂದು ಕಡೆ ಐರಿಸ್, ಇನ್ನೊಂದು ಕಡೆ ನಾನು. ಮೂವತ್ತೆಂಟು ಮತದಿಂದ ನಾನು ಗೆದ್ದೆ. ಆ ಮೂವತ್ತೆಂಟು ಎಲ್ಲಿಂದ ಬಂತು ಎನ್ನುವುದು ನನಗೆ ಗೊತ್ತು. "ದಡ್ಡರು ಅಂದೋಳಿಗೆ ನಾವು ಹಾಕಲ್ಲ" — ಎಷ್ಟು ಬಾಗಿಲುಗಳಲ್ಲಿ ಕೇಳಿದೆ! ಪ್ರತಿ ಬಾಗಿಲಲ್ಲೂ ತಲೆಯಾಡಿಸಿ ಕರಪತ್ರ ಕೊಟ್ಟು ಬಂದೆ. ಸುಳ್ಳನ್ನು ನಾನು ಹುಟ್ಟಿಸಲಿಲ್ಲ, ನಿಜ. ಅದರ ಮೇಲೆ ಕೂತು ಸವಾರಿ ಮಾಡಿದೆ.

ಚುನಾವಣೆ ಮುಗಿದ ಮೇಲೆ ಹೇಳುತ್ತೇನೆ ಅಂದಿದ್ದೆನಲ್ಲ? ಎರಡು ಚುನಾವಣೆ ಮುಗಿದವು. ಮೊದಮೊದಲು ಧೈರ್ಯ ಬರಲಿಲ್ಲ. ಆಮೇಲೆ ಅಭ್ಯಾಸ ಆಯಿತು. ಅಭ್ಯಾಸ ಆದದ್ದನ್ನು ನೆನೆದರೆ ಈಗ ಹೆದರಿಕೆಯಾಗುತ್ತದೆ.

ಹೋದ ತಿಂಗಳು ಗಿಲಿಯನ್ ಫೋನು ಮಾಡಿದಳು. "ಅಮ್ಮ ಕರೀತಿದಾರೆ. ಬರೋದಾದ್ರೆ ಈ ವಾರವೇ ಬನ್ನಿ," ಎಂದಳು. ಹೋದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಇಷ್ಟೇ ಇಷ್ಟು ಆಗಿದ್ದಳು. ಕಣ್ಣು ಮಾತ್ರ ಹಾಗೇ. ನಾನು ಕುರ್ಚಿ ಎಳೆದು ಕೂತು, ಮನೆಯಿಂದ ಜೋಡಿಸಿಕೊಂಡು ಹೋದ ಮಾತನ್ನೆಲ್ಲ ಹೇಳಲು ಶುರುಮಾಡಿದೆ. ಕೈ ಎತ್ತಿ ತಡೆದಳು.

"ನನಗ್ಯಾಕೆ ಹೇಳ್ತೀಯ? ನಾನೂ ಅಲ್ಲೇ ಇದ್ದೆನಲ್ಲೋ."

"ಕೌನ್ಸಿಲಿಗೆ ರಾಜೀನಾಮೆ ಕೊಡ್ತೀನಿ," ಎಂದೆ.

"ಅಯ್ಯೋ, ಬೇಡಪ್ಪ. ಊರು ಚುನಾವಣೆ ನೋಡಿ ನೋಡಿ ಸುಸ್ತಾಗಿದೆ. ಅವಧಿ ಮುಗಿಯೋ ತನಕ ಇರು, ಸ್ಟೇಷನ್ ರಸ್ತೆ ಗುಂಡಿ ಮುಚ್ಚಿಸು." ಉಸಿರು ತೆಗೆದುಕೊಂಡಳು. "ನನ್ನ ಸಭೇಲಿ ನೀನು ಮಾತಾಡ್ಬೇಕು. ನಾರ್ಮನ್ನಿಗೆ ಹೇಳಿದೀನಿ, ಅವನಿಗೆ ಇಷ್ಟ ಇಲ್ಲ. ಆದ್ರೂ ನೀನು ಮಾತಾಡು. ನನ್ನನ್ನ ಹೊಗಳ್ಬೇಡ. ಯಾರಿಗೆ ಗೊತ್ತಿಲ್ವೋ ಅವರಿಗೆ ಹೇಳು."

ಹೇಳಿದ್ದೇನೆ.

ಬೇಕರಿಯಾಕೆ ಬಂದಿದ್ದಾರೆ, ಬಾಗಿಲ ಹತ್ತಿರ ನಿಂತಿದ್ದಾರೆ. ನಿಮ್ಮ ತಪ್ಪಲ್ಲಮ್ಮ. ನೀವು ನಂಬಿದಿರಿ. ನಾನು ನಿಮ್ಮಿಂದ ಮೂರು ಹೆಜ್ಜೆ ದೂರದಲ್ಲಿ ನಿಂತು ನಿಮ್ಮನ್ನು ನಂಬಲು ಬಿಟ್ಟೆ. ಈ ಭವನಕ್ಕೆ ಬಾರದವರು ಊರಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ. ನಾಳೆ ಬೆಳಿಗ್ಗೆಯಿಂದ ಪಟ್ಟಿ ಹಿಡಿದು ಒಂದೊಂದೇ ಮನೆಗೆ ಹೋಗುತ್ತೇನೆ. ವೋಟು ಕೇಳುವುದಿಲ್ಲ. ಮೇ ತಿಂಗಳ ಚುನಾವಣೆಗೆ ನನ್ನ ಹೆಸರು ಇರುವುದೂ ಇಲ್ಲ. ಬಾಗಿಲು ಮುಖಕ್ಕೆ ಹಾಕುವವರು ಹಾಕಿ. ಹಾಕುವ ಮುಂಚೆ ಅವಳ ಮಾತು ಪೂರ್ತಿ ಕೇಳಿಸಿಕೊಳ್ಳಿ, ಅಷ್ಟು ಸಾಕು.

ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಪ್ರಾರ್ಥಿಸುತ್ತೇನೆ. ಮಂಡಿ ನೋವಿನವರು ಕೂತಿರಿ, ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ. ಇರಬೇಕು ಎಂದವರು, ಬಿಡಬೇಕು ಎಂದವರು, ಎರಡೂ ಸಾಕೆಂದು ಮನೆಯಲ್ಲಿ ಕೂತವರು — ಎಲ್ಲರೂ.

ನಾಲ್ಕು ವರ್ಷ ಹೇಡಿತನದಿಂದ ಬಾಯಿ ಮುಚ್ಚಿಕೊಂಡಿದ್ದವನು ನಾನು. ಒಂದು ನಿಮಿಷ ಗೌರವದಿಂದ ಸುಮ್ಮನಿರಲು ನನಗೂ ಅವಕಾಶ ಕೊಡಿ.

— ನಾರ್ಮನ್, ಅವಸರವಿಲ್ಲ. ನೀನು ಏಳುವ ತನಕ ಕಾಯುತ್ತೇನೆ.

— ಗಿಲಿಯನ್, ಅಪ್ಪನ ಕೈ ಹಿಡಿದುಕೋ.

— ಎದ್ದಿದ್ದಾನೆ.

ಐರಿಸ್ ಓಲ್ಡ್‌ರಾಯ್ಡ್ ಅವರಿಗಾಗಿ.