ಬೀಗರ ಮನ್ಯಾಗ ಹೆಣೆದ ಬೆಕ್ಕಿನ ಟೊಪಗಿ

ಅಲ್ಲಾ, ಓಡಿ ಹೋಗಬೇಕಂತ ಮನಸ್ಸಿತ್ತು ಖರೆ, ಆದ್ರ ನಿಮ್ಮಜ್ಜಗ ಆವಾಗ ಕಾಲ ಎಲ್ಲಿತ್ತು? ತೊಡಿತನಕ ಪ್ಲಾಸ್ಟರ್ ಹಾಕಿದ್ರು. ಬಸ್ಯಾ, ನೀ ಆವಾಗ ಎರಡೂವರಿ ವರ್ಷದಾಂವ, ಅದರ ಮ್ಯಾಲ ತಂಬಿಗಿ ಬಡಿದು ಆಡ್ತಿದ್ದಿ. ನಿಮ್ಮಕ್ಕ ಗಿರಿಜಾ ನಾಕನೇತ್ತಾ. ನಾನೂ ನಾಕನೇತ್ತಾದಾಗ ಸಾಲಿ ಬಿಟ್ಟಾಂವ, ಮಾಸ್ತರ ಬಡಿದ್ರಂತಲ್ಲ, ಸಾಲಿ ಮುಂದ ಲಾರಿ ನಿಲ್ತಿದ್ವು, ಅದಕ್ಕ. ಕೆರೂರ ಸಂತ್ಯಾಗ ಹಮಾಲಿ ಮಾಡೀನಿ, ಕಾಳಿನ ಚೀಲ ಹೊಲದೀನಿ, ಇಳಕಲ್ಲದಾಗ ಕಲ್ಲಿನ ಲಾರಿ ಹತ್ತಿ ಗೋವಾ, ಸೊಲ್ಲಾಪುರ ತಿರಗೀನಿ. ಒಂದ ಊರಾಗ ಎರಡ ಅಮಾಸಿ ಕಂಡಾಂವಲ್ಲ. ನಿಮ್ಮವ್ವ ಶಾಂತಾನ್ನ ಕಮತಗ್ಯಾಗ ಬೆಳೆಸಿದಾಕಿ ನನ್ನ ಹೇಣ್ತಿ, ನಾ ಅಲ್ಲ. ಆಕಿ ತೀರಿಹೋದ ಮ್ಯಾಲ ಆ ಮನಿಗೂ ಕೀಲಿ ಬಿತ್ತು.

ಏನ್ ಹೇಳಾಕತ್ತಿದ್ದೆ? ಹಾಂ, ಕಾಲು. ಇಳಕಲ್ಲಿಗೆ ಹೊಂಟಾಂವ, ಹಾದ್ಯಾಗ ಗುಳೇದಗುಡ್ಡಕ್ಕ ಇಳದು ಮಗಳ ಮಾರಿ ನೋಡಿ ಹೋಗೂಣಂತ ಬಂದ್ನಿ. ಬರೇ ಒಂದ ತಾಸು. ಪಡಸಾಲ್ಯಾಗ ಮಗ್ಗ, ನೆಲದಾಗ ಕುಣಿ, ಅದರಾಗ ಕಾಲ ಇಳಿಬಿಟ್ಟು ಕುಬಸದ ಖಣ ನೇಯೂದು, ನೀವು ದಿನಾ ನೋಡ್ತೀರಲ್ಲ. ನಿಮ್ಮಪ್ಪನ ಅವ್ವ ನೀಲವ್ವ ಆಗಷ್ಟೇ ಮಗ್ಗದಿಂದ ಎದ್ದು ನನಗ ಚಾ ಕೊಟ್ಟು ನಿಂತಿದ್ಲು. ಬೀಗತಿಗೆ ಬೆನ್ನ ತೋರಿಸಿ ಹೋಗಬಾರದಂತ ನಾ ದೊಡ್ಡ ಮರ್ಯಾದಿಲೆ, "ಬರ್ತೇನ್ರೀ ಅಕ್ಕಾರ" ಅಂತ ಕೈ ಮುಗದು, ಹಿಂದ ಹಿಂದ ಸರಿದ್ನಿ ನೋಡು, ಧಡಲ್! ಕುಣಿಯೊಳಗ ಬಿದ್ದೆ. ಎಲುಬು ಮುರಿದ ಸಪ್ಪಳ ನನಗ ಕೇಳಿಸ್ತು. ಬಾಗಲಕೋಟಿ ದವಾಖಾನ್ಯಾಗ ಡಾಕ್ಟರ್, "ಮೂರ ತಿಂಗಳ ಅಲಗಾಡಬ್ಯಾಡ ಯಜಮಾನಾ" ಅಂದ್ರು. ಎಲ್ಲಿ ಹೋಗ್ಲಿ? ತಿರಗಿ ಅದ ಮನಿ, ಅದ ಪಡಸಾಲಿ, ಅದ ಕುಣಿ ಎದುರಿಗೇ ನಾ ಮಲಗೂ ಹೊರಸು.

ಮಗಳನ್ನ ಕೊಟ್ಟ ಮನ್ಯಾಗ ಹೊತ್ತ ಮುಳಗೂತನಕ ಕುಂದ್ರೂದ ನಾಚಿಕಿ, ಅಂಥಾದ್ರಾಗ ಮೂರ ತಿಂಗಳ! ಮುಂಜಾನಿಂದ ಸಂಜಿತನಕ ಮಗ್ಗ ಖಟಪಟ, ಖಟಪಟ. ಹೊರಗ ಬಸ್ ಹಾರ್ನ್ ಹೊಡದ್ರ, ಇದು ಬಾದಾಮಿದು, ಇದು ಹುನಗುಂದದ್ದು ಅಂತ ಕುಂತಲ್ಲೇ ಗುರ್ತ ಹಿಡೀತಿದ್ನಿ, ಗುರ್ತ ಹಿಡದು ಏನ್ ಮಾಡೂದು, ಹತ್ತಾಕ ಬರೂದಿಲ್ಲಲ್ಲ. ಅದಕ್ಕಿಂತ ದೊಡ್ಡ ಜೇಲಂದ್ರ ಶಾಂತಾನ ಬಾಯಿ. ತಾಟ ಇಡ್ತಿದ್ಲು, ತಾಟ ಒಯ್ತಿದ್ಲು. "ಯವ್ವಾ, ಪಲ್ಲೆ ಛಲೋ ಆಗೇತಿ" ಅಂದ್ರ "ಹೂಂ." ಅಷ್ಟ. ಬೈದಿದ್ರ ಬೇಕಾಗಿತ್ತು. ಬೈದ್ರ ತಿರಗಿ ಮಾತಾಡಾಕರೆ ಬರ್ತೈತಿ, ಹೂಂ ಅಂದವ್ರಿಗೆ ಏನಂತೀರಿ?

ಅಂಥಾದ್ರಾಗ ಗಿರಿಜಾನ ಸಾಲ್ಯಾಗ ವರ್ಷದ ಹಬ್ಬ, ಗ್ಯಾದರಿಂಗ್, ಬಂತು. ಬೆಕ್ಕಿನ ಡಾನ್ಸ್. ಅಂಗನವಾಡಿ ಕೂಸುಗಳು ಮರಿ, ಗಿರಿಜಾನ ವಾರಿಗಿಯ ಹುಡುಗರು ಬೆಕ್ಕು, ಅವರ ಟೀಚರ್ ತಾಯಿ ಬೆಕ್ಕು. ಕಿವಿ ಇರೂ ಉಲ್ಲನ್ ಟೊಪಗಿ, ಮೂರ ಅಳತಿದು, ಹೆಣದು ಕೊಡ್ತೇನಂತ ಶಾಂತಾ ಒಪ್ಪಿಕೊಂಡ ಬಂದಿದ್ಲು. ಮಗ್ಗದ ಕೆಲಸ ಬಿಟ್ಟು ಹೆಣಿಯಾಕ ಹೊತ್ತೆಲ್ಲಿ? ನೀಲವ್ವ ಉಲ್ಲನ್ ಉಂಡಿ, ಹೆಣಿಯೂ ಕಡ್ಡಿ ತಂದು ನನ್ನ ಪ್ಲಾಸ್ಟರ್ ಮ್ಯಾಲ ಒಗದ್ಲು.

"ಬೀಗ್ರ, ಕಾಲ ಮುರದೈತಿ. ಕೈಯೇನ ಮುರದಿಲ್ಲಲ್ಲ?"

"ಗಂಡಸರ ಕೆಲಸೇನ್ರೀ ಇದು?"

"ಮಗ್ಗದ ಕುಣಿಗೆ ಉಲ್ಟಾ ಇಳಿಯೂದು ಯಾವ ಗಂಡಸರ ಕೆಲಸ? ಹೆಣೀರಿ ಸುಮ್ನ."

ಆಕಿನ ಕಲಿಸಿದ್ಲು. ಮೊದಲ ಎರಡ ದಿನ ಬೆರಳಾಗ ಗಂಟ, ಬಾಯಾಗ ಬೈಗಳ. ಮೂರನೇ ದಿನ ತಿಳೀತು, ಏ, ಇದೇನ ದೊಡ್ಡದಲ್ಲ, ಇದು ಚೀಲಾನ! ಉದ್ದಕ ಒಂದ ಪಟ್ಟಿ ಹೆಣಿ, ನಡುವ ಮಡಚು, ಎರಡೂ ಬಾಜು ಹೊಲಿ. ತಲಿಗೆ ಹಾಕಿದ್ರ ಮ್ಯಾಲಿನ ಎರಡ ಮೂಲಿ ತಾವ ಎದ್ದ ನಿಲ್ತಾವ, ಬುಡಕ್ಕ ದಾರ ಬಿಗದ್ರ ಕಿವಿ. ಕೆರೂರಾಗ ಚೀಲದ ಬಾಯಿ ಹೊಲಿಯೂಮುಂದ ಮೂಲಿಗೆ ಹಿಂಗ ಗಂಟ ಹಾಕಿ ಕಿವಿ ಬಿಡ್ತಿದ್ವಿ, ಹಮಾಲ ಅದನ್ನ ಹಿಡದು ಎತ್ತಬೇಕಲ್ಲ.

ಅಳತಿಗೆ ಏನ್ ಮಾಡೂದು? ನಾ ಶ್ಯಾಣ್ಯಾ, ತಂಬಿಗಿ ಬೋರಲ ಹಾಕಿ, ಕೂಸಿನ ತಲಿ ಇಷ್ಟ ಇರ್ತೈತಿ ಅಂತ ಹೆಣದೆ. ಬಸ್ಯಾನ ಕರದು ಜಗ್ಗಿ ಹಾಕಿದೆ. ನಗಬ್ಯಾಡ ಲೇ, ಆ ತಲಿ ನಿಂದ! ಹಣಿತನಕ ಇಳೀತು, ಮುಂದ ಹೋಗೂದಿಲ್ಲ, ಹಿಂದ ಬರೂದಿಲ್ಲ. ನೀ ಹೋ ಅಂತ ಒದರಾಕ ಹತ್ತಿದಿ. ಶಾಂತಾ ಓಡಿ ಬಂದು ಕತ್ರಿಲೆ ಕತ್ತರಿಸಿ ತಗದ್ಲು. ಹಣಿ ಮ್ಯಾಲ ಕೆಂಪ ಬರಿ. ಆಗ ಬಾಯಿ ಬಿಟ್ಲು ನೋಡು.

"ಎರಡ ವರ್ಷದ ಕೂಸಿನ ತಲಿ ಎಷ್ಟಿರ್ತೈತಿ ಅನ್ನೂದ ನಿನಗ ಗೊತ್ತಿಲ್ಲಪ್ಪಾ. ಹೆಂಗ ಗೊತ್ತಿರಬೇಕು? ನನ್ನ ತಲಿ ನೋಡಿದ್ದೇನ ನೀ?"

ಮಗ್ಗ ಸೈತ ನಿಂತಿತು. ನೀಲವ್ವ ಕೆಳಗ ಮಾರಿ ಹಾಕಿದ್ಲು. ಎದ್ದ ಹೋಗೂ ಹಂಗಿದ್ರ ಹೋಗಿಬಿಡ್ತಿದ್ನಿ, ಜನ್ಮೆಲ್ಲಾ ಮಾಡಿದ್ದ ಅದನ್ನ. ಕಾಲ ಬಿಡಲಿಲ್ಲ.

ಮರುದಿನ ಒಂದ ದಾರ ತಗೊಂಡು, ಓಣಿ ಹುಡುಗರನ್ನೆಲ್ಲಾ ಹೊರಸಿಗೆ ಕರಸಿ, ಒಬ್ಬೊಬ್ಬರ ತಲಿ ಸುತ್ತಿ ನೋಡಿದೆ. ಕೂಸುಗಳಿಗೆ ಒಂದ ಗಂಟ, ಗಿರಿಜಾನ ವಾರಿಗಿಯವ್ರಿಗೆ ಇನ್ನೊಂದ. ಆ ದಾರ ಹಿಡದು ಹೆಣದೆ, ಎಲ್ಲಾ ಬರೋಬ್ಬರಿ ಕುಂತ್ವು. ಕಡೀಕ ಉಳದದ್ದು ಟೀಚರ್ ಟೊಪಗಿ. ಧೈರ್ಯ ಮಾಡಿ, "ಶಾಂತಾ, ದೊಡ್ಡ ಹೆಣಮಗಳ ತಲಿ ಬೇಕವ್ವಾ ಅಳತಿಗೆ" ಅಂದೆ. ಕೈಯಾಗಿನ ಕೆಲಸ ಬಿಟ್ಟು ಬಂದು ನನ್ನ ಮುಂದ ನೆಲಕ್ಕ ಕುಂತ್ಲು. ದಾರ ಸುತ್ತೂಮುಂದ ಕಿವಿ ಹಿಂದ, ಕೂದಲೊಳಗ, ಬೆರಳಿಗೆ ಒಂದ ತಗ್ಗ ಹತ್ತಿತು.

"ಇದ್ಯಾವಾಗವ್ವಾ?"

"ಮೂರನೇತ್ತಾ ಇದ್ದಾಗ. ಮಾಳಿಗಿ ನಿಚ್ಚಣಿಕಿಂದ ಬಿದ್ದಿದ್ನಿ. ಅವ್ವ ಅರಿಷಿಣ ಒತ್ತಿ ಹಿಡದಿದ್ಲು. ನೀ ಗೋವಾಕ್ಕ ಹೋಗಿದ್ದಿ."

ಹೊಲಿಗಿ ಹಾಕಿದ್ರೇನು, ನೋವ ಭಾಳ ಆಗಿತ್ತೇನು, ಏನರೆ ಕೇಳಬೇಕಾಗಿತ್ತು. ಕೇಳಾಕ ಮೂವತ್ತ ವರ್ಷ ತಡಾ ಆಗಿತ್ತು. ಬೆರಳ ಅಲ್ಲೇ ಇಟ್ಟು ಕುಂತೆ. ಆಕೀನೂ ಏಳಲಿಲ್ಲ. ಹುನಗುಂದದ ಬಸ್ ಹಾರ್ನ್ ಹೊಡದು ಹೋತು, ಹೋಗಲಿ ಅನ್ನಿಸಿತು.

ಆಕಿ ತಲಿ ಅಳತಿಗೆ ದಾರಕ್ಕ ಮೂರನೇ ಗಂಟ ಬಿತ್ತು, ಟೀಚರ್ ಟೊಪಗೀನೂ ಆತು, ಗ್ಯಾದರಿಂಗೂ ಆತು. ಮುಂದ ಪ್ಲಾಸ್ಟರ್ ಬಿಚ್ಚಿದ್ರು. ಒಂದ ವಾರಕ್ಕ ನಾ ಹೊಂಟ ನಿಂತೆ, ಸುಳ್ಳ್ಯಾಕ ಹೇಳ್ಲಿ, ಕಾಲಾಗಿನ ಹುಳಾ ಸತ್ತಿರಲಿಲ್ಲ. ಈ ಸಲ ಕುಣಿ ನೋಡಿ ನೋಡಿ ಸೀದಾ ನಡದೆ. ಶಾಂತಾ ಬಾಗಲದಾಗ ಅಡ್ಡ ನಿಂತು ಒಂದ ಟೊಪಗಿ ಕೈಯಾಗಿಟ್ಲು, ಆ ದಾರದಾಗ ಮೂರ ಗಂಟ ದಾಟಿ ನನ್ನ ತಲಿಗಂತ ನಾಕನೇ ಗಂಟ ಹಾಕಿ ಹೆಣದಿದ್ಲು. ನಾ ಮಲಗಿದ್ದಾಗ ಅಳತಿ ತಗೊಂಡಿದ್ಲಂತ. ಅದಕ್ಕೂ ಎರಡ ಬೆಕ್ಕಿನ ಕಿವಿ!

"ಮುದುಕಗ ಕಿವಿ ಯಾತಕ್ಕವ್ವಾ? ಲಾರ್‍ಯಾಗ ಮಂದಿ ನಗ್ತಾರ."

"ನಗಲಿ. ಹಿಡದು ಎಳಕೊಂಡ ಬರಾಕ ಬೇಕಲ್ಲ."

ಎಳೀಲಿಲ್ಲ ಆಕಿ. ಇಳಕಲ್ಲ ಮುಟ್ಟಿದ ಮೂರನೇ ದಿನಕ್ಕ ನಾನ ಬಂದ್ನಿ. ಹೋಗ್ತೇನಿ ಈಗೂ, ಇಲ್ಲಂತಲ್ಲ, ಬರ್ತೇನಿ. ಅದಕ್ಕ ನೋಡ್ರಿ, ಎಲ್ಲಿಗರೆ ಹೋಗ್ರಿ, ಹೋಗೂಕಿಂತ ಮೊದಲ ಮನ್ಯಾನವರ ತಲಿ ಮ್ಯಾಲ ಒಮ್ಮೆ ಕೈ ಇಟ್ಟು ಅಳತಿ ತಿಳಕೋರಿ. ಸಾಕಿನ್ನ. ಬಸ್ಯಾ, ಟೊಪಗಿ ಕೊಡಲೇ ಇಲ್ಲಿ, ಥಂಡಿ ಬಿಟ್ಟೈತಿ.