ಗಿರಣಿ ಬಂದ ಮೇಲಿನ ಕವಿತೆ

ಇಂಡಿ ಬಸ್‌ನಿಲ್ದಾಣದ ಮಧ್ಯಾಹ್ನದ ಜೊಂಪಿನಲ್ಲಿದ್ದ ಶೈಲಶ್ರೀಗೆ ಪಕ್ಕದ ಬೆಂಚಿನ ಅಜ್ಜಿ-ಮೊಮ್ಮಗಳ ಮಾತು ಕನಸಿನೊಳಗಿಂದ ಬಂದಂತೆ ಕೇಳಿಸುತ್ತಿತ್ತು.

“ಆಯಿ, ನಮ್ಮ ಕಡೆ ತಾಳ ಬಿಟ್ಟು ಕವಿತಾ ಬರದ ಮೊದಲ ಹೆಣ್ಮಗಳು ಅಂತ ನಿನಗ ಶಾಲು ಹೊದಿಸಿದ್ರು. ತಾಳ ಯಾಕ ಬಿಟ್ಟಿ?”

“ನಾ ಎಲ್ಲಿ ಬಿಟ್ನಿ ಯವ್ವಾ? ಜ್ವಾಳ ಬೀಸುವಾಗ ಪದ ಕಟ್ಟತಿದ್ನಿ, ಕಲ್ಲು ತಾಳ ಹಾಕತಿತ್ತು. ಊರಿಗೆ ಗಿರಣಿ ಬಂತು, ಕಲ್ಲು ನಿಂತು ಹೋತು. ಮಾತು ನಿಲ್ಲಲಿಲ್ಲ.”

“ಇದು ಕವಿತಾನ ಅಲ್ಲ ಅಂತ ಮಂದಿ ನಕ್ರಂತ?”

“ನಕ್ರು. ನನ್ನ ಜೋಡಿ ಬೀಸತಿದ್ದ ನಮ್ಮತ್ತಿ ಮಾತ್ರ ಕೇಳಿ ಅತ್ಳು. ‘ಇದರಾಗ ನನ್ನ ಉಸಿರು ಐತಿ’ ಅಂದ್ಳು.”

ತಾಂಬಾ ಬಸ್ಸು ಬಂತು. ಅಜ್ಜಿ ಒಂದು ಮೆಟ್ಟಿಲು ಹತ್ತಿ ನಿಂತಳು.

“ಲಗೂ ಹತ್ರಿ,” ಎಂದ ಕಂಡಕ್ಟರ್.

“ತಡಿಯಪ್ಪಾ, ಉಸಿರು ಬಂದಂಗ ಹತ್ತತೇನಿ.”